ಕಡಲಂಚಿನ ಕಾಲುದಾರಿಯಲ್ಲಿ ಓಡುವ ಮುನ್ನ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ರಸ್ತೆಗಳಲ್ಲಿ ನಸುಕಿಗೇ ಎದ್ದು ಓಡುವ ತರುಣರನ್ನು ಕಾಣದವರಿಲ್ಲ. ಸೈನ್ಯದ ಭರತಿಗೆ 1,600 ಮೀಟರ್ ಓಟ ಗೆಲ್ಲಬೇಕೆಂಬ ಛಲ ಅವರದು. ಈಗ ಕಾಲೇಜು ವಿದ್ಯಾರ್ಥಿಗಳಲ್ಲಿ ಇನ್ನೊಂದು ಹಂಬಲ ಮೊಳೆತಿದೆ: ಡಾಂಬರನ್ನು ಬಿಟ್ಟು ಕಾಡಿನ, ಕಡಲಿನ ಕಾಲುದಾರಿಗಳಲ್ಲಿ ಓಡುವುದು. ಇದಕ್ಕೆ ಟ್ರೇಲ್ ರನ್ನಿಂಗ್ ಎಂದು ಹೆಸರು. ನಮ್ಮ ಐದು ತಾಲ್ಲೂಕುಗಳಿಗೆ ಕಡಲಿಲ್ಲವಾದ್ದರಿಂದ ಕಣ್ಣು ಸಹಜವಾಗಿಯೇ ಕುಮಟಾ-ಗೋಕರ್ಣಗಳ ಕಡೆಗೆ ಹೊರಳುತ್ತದೆ.

ಆ ದಾರಿ ನಿಜಕ್ಕೂ ಮನೋಹರವಾದುದು. ಕುಮಟಾದಿಂದ ಬಾಡ, ಕಾಗಾಲಗಳ ಮೂಲಕ ಅಘನಾಶಿನಿ ಗ್ರಾಮ. ಅಲ್ಲಿ ದೋಣಿಯಲ್ಲಿ ನದೀಮುಖವನ್ನು ದಾಟಿದರೆ ತದಡಿ. ಮುಂದೆ ಬೇಲೆಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ತೀರಗಳು. ಒಂದು ಮಗ್ಗುಲಿಗೆ ಗಿಡಮರಗಳ ಗುಡ್ಡ, ಇನ್ನೊಂದು ಮಗ್ಗುಲಿಗೆ ಬಂಡೆಗಪ್ಪಳಿಸುವ ಅಲೆ. ಓಡಬೇಡಿರೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಎಷ್ಟು ಜನ, ಯಾವ ಋತುವಿನಲ್ಲಿ, ಯಾರನ್ನು ಕೇಳಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲು ಮಣ್ಣಿನ ಮಾತು. ಆ ಗುಡ್ಡಗಳು ಬಹುಪಾಲು ಜಂಬಿಟ್ಟಿಗೆಯವು. ಕಲ್ಲಿನ ಮೇಲಿರುವ ಮಣ್ಣಿನ ಪದರ ಅನೇಕ ಕಡೆ ಗೇಣುದ್ದವೂ ಇಲ್ಲ. ಹುಲ್ಲಿನ ಬೇರುಗಳೇ ಅದನ್ನು ಹಿಡಿದಿಟ್ಟಿವೆ. ಒದ್ದೆ ನೆಲವನ್ನು ನೂರಾರು ಪಾದಗಳು ಒಂದೇ ದಿನ ತುಳಿದರೆ ಮಣ್ಣಿನ ರಂಧ್ರಗಳು ಮುಚ್ಚಿ, ನೀರು ಇಂಗುವುದು ನಿಂತು, ದಾರಿಯೇ ಕಾಲುವೆಯಾಗುತ್ತದೆ. ಕೆಸರನ್ನು ತಪ್ಪಿಸಲು ಓಟಗಾರನು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾನೆ. ಒಂದಡಿಯ ದಾರಿ ಮೂರಡಿಯಾಗುತ್ತದೆ. ತಿರುವುಗಳನ್ನು ಬಿಟ್ಟು ನೇರವಾಗಿ ಇಳಿಯುವವರಿಂದ ಇನ್ನೂ ಹೆಚ್ಚಿನ ಹಾನಿ. 2019 ಮತ್ತು 2021ರ ಪ್ರವಾಹಗಳಲ್ಲಿ ದೂಧಗಂಗಾ, ವೇದಗಂಗಾ, ಕೃಷ್ಣೆಯರ ಕೆನ್ನೀರನ್ನು ಹೊಲದಲ್ಲೇ ಕಂಡ ನಮಗೆ, ಮೇಲಿನ ಇಳಿಜಾರಿನ ಮಣ್ಣು ಕೆಳಗಿನವರ ಪಾಲಿಗೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಅಲ್ಲಿ ಕೆಳಗಿರುವುದು ಅಘನಾಶಿನಿಯ ಅಳಿವೆ ಮತ್ತು ಗಜನಿ ಭೂಮಿ. ಅಣೆಕಟ್ಟಿಲ್ಲದೆ ಕಡಲನ್ನು ಸೇರುವ ಈ ನದಿಯ ಉಪ್ಪುನೀರಿನ ಬಯಲಿನಲ್ಲಿ, ಮಾಣಿಕಟ್ಟಾ ಮುಂತಾದ ಊರುಗಳ ರೈತರು ಮಳೆಗಾಲದಲ್ಲಿ ಕಗ್ಗ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಇಂಥ ತಳಿಯನ್ನು ಯಾವ ಸಂಶೋಧನಾಲಯವೂ ಸೃಷ್ಟಿಸಲಿಲ್ಲ. ರೈತರೇ ತಲೆಮಾರುಗಳಿಂದ ಆಯ್ದು ಉಳಿಸಿದ್ದು. ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಹೊಳೆಯಲ್ಲಿ ಬಳಚು ಆಯುವ ಹೆಂಗಸರಿಗಂತೂ ಇಳಿತದ ವೇಳೆಯೇ ಗಡಿಯಾರ. 4,801 ಹೆಕ್ಟೇರ್ ವಿಸ್ತಾರದ ಈ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ ದೊರೆತದ್ದು ಸಂತೋಷದ ಸಂಗತಿ. ಆದರೆ ಓಟದ ನಕ್ಷೆಯಲ್ಲಿ ಈ ಜನರ ದಾರಿ ಕೇವಲ ಕೆಂಪು ಗೆರೆಯಾಗಿ ಉಳಿಯುತ್ತದೆ.

ಇನ್ನೊಂದು ವಿಷಯ ಕತ್ತಲೆಯದು. ದೀರ್ಘ ಓಟಗಳು ಸಾಮಾನ್ಯವಾಗಿ ಬೆಳಗಾಗುವ ಮೊದಲೇ ಹಣೆದೀಪಗಳೊಂದಿಗೆ ಆರಂಭವಾಗುತ್ತವೆ. ಉತ್ತರ ಕನ್ನಡದ ಮರಳಿನಲ್ಲಿ ಚಳಿಗಾಲದಿಂದ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಹೊನ್ನಾವರದ ಕಾಸರಕೋಡು ಇದಕ್ಕೆ ಪ್ರಸಿದ್ಧ. ಮೊಟ್ಟೆಯೊಡೆದ ಮರಿ ಬೆಳಕಿರುವ ಕಡೆಗೆ ಹೊರಡುತ್ತದೆ. ಅದಕ್ಕೆ ಕಡಲ ಮೇಲಿನ ಆಕಾಶದ ಬೆಳಕಿಗೂ ಓಟಗಾರನ ದೀಪಕ್ಕೂ ಭೇದ ತಿಳಿಯದು.

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ನುಗ್ಗಿದಾಗ ಅರಣ್ಯ ಇಲಾಖೆ ಎಚ್ಚೆತ್ತು, ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ತಡೆಯಿತು. ಆನಂತರ ದಿನಕ್ಕೆ 300 ಜನರೆಂಬ ಮಿತಿಯನ್ನು ತಂದಿತು. ಕಡಲಂಚಿನ ಗುಡ್ಡಗಳಿಗೆ ಮಿತಿ ಹಾಕಲು ಅಂಥ ನೂಕುನುಗ್ಗಲಿಗಾಗಿ ಕಾಯಬೇಕೆ? ಸ್ಪರ್ಧೆ ನಡೆಸುವವರು ಅಲ್ಲಿನ ಗ್ರಾಮಸಭೆಯ ಒಪ್ಪಿಗೆಯನ್ನು ಮೊದಲು ಪಡೆಯಲಿ. ಜೂನ್‌ನಿಂದ ಮಣ್ಣು ಆರುವವರೆಗೆ ಗುಡ್ಡವನ್ನು ಬಿಡಲಿ. ಆಮೆಗಳ ಕಾಲದಲ್ಲಿ ಸೂರ್ಯೋದಯದ ನಂತರವೇ ಮರಳಿಗಿಳಿಯಲಿ. ಶುಲ್ಕದ ಒಂದು ಪಾಲು ದಾರಿಯ ದುರಸ್ತಿಗೆ, ಊರವರ ಕೈಗೇ ಸಲ್ಲಲಿ.

ನಮ್ಮ ವಿದ್ಯಾರ್ಥಿಗಳು ಹೋಗುವುದಾದರೆ ನಾಲ್ಕೈದು ಜನರಾಗಿ ಹೋಗಲಿ. ದುಬಾರಿ ಬೂಟು ಇಲ್ಲವೆಂಬ ಸಂಕೋಚವೂ ಬೇಡ. ಅಥಣಿಯ ಚಪ್ಪಲಿ ಓಟಕ್ಕಾಗದು, ನಿಜ, ಆದರೆ ಬಳಚು ಆಯುವ ಬರಿಗಾಲಿನ ತಾಯಂದಿರು ಆ ದಾರಿಯನ್ನು ನಿತ್ಯ ನಡೆಯುತ್ತಾರೆ. ಅವರು ತಲೆಹೊರೆಯೊಂದಿಗೆ ಎದುರಾದರೆ ಓಟವನ್ನು ನಿಲ್ಲಿಸಿ, ದಾರಿಯ ಅಂಚಿಗೆ ಸರಿದು ನಿಲ್ಲಿರಿ.