ಹಳೇ ಆರ್‌ಎಕ್ಸ್ ಗಾಡಿಯ ಬಣ್ಣಕ್ಕ ರೊಕ್ಕ ಕೊಡಬ್ಯಾಡ್ರಿ

ಅಕ್ಕಗೋಳ, ತಂಗಿಗೋಳ, ವೈನಿಗೋಳ, ಈ ಸಲ ಹಪ್ಪಳ ಸಂಡಿಗಿ ಬಿಟ್ಟು ಗಾಡಿ ಸುದ್ದಿ ಬರಿಯಾಕತ್ತೀನಿ. ಸಿಟ್ಟು ಬಂದೇತಿ, ಅದಕ್ಕ. ನಮ್ಮ ಬಳಗ, ನಮ್ಮ ಓಣಿ ಎರಡೂ ಸೇರಿ ಈ ವರ್ಷ ನಾಲ್ಕು ಹುಡುಗೂರು ಹಳೇ ಟೂ ಸ್ಟ್ರೋಕ್ ಗಾಡಿ ತಗೊಂಡಾರ, ಮಣ್ಣಿನ ಟ್ರ್ಯಾಕಿನ್ಯಾಗ ಹಾರಸಾಕ. ನಾಲ್ಕಕ್ಕೂ ರೊಕ್ಕ ಕೊಟ್ಟವರು ತಾಯಂದಿರು. ನಾಲ್ಕು ಮಂದಿ ತಾಯಂದಿರೊಳಗ ಒಬ್ಬಾಕಿನೂ ಗಾಡಿ ನೋಡಾಕ ಹೋಗಿಲ್ಲ.

ನಮ್ಮಲ್ಲಿ ಎರಡು ನಮೂನಿ ತಾಯಂದಿರು ಅದಾರ. ಒಬ್ಬಾಕಿ, "ಗಾಡಿ ಹೆಸರು ತಗದ್ರ ಮನ್ಯಾಗ ಕಾಲಿಡಬ್ಯಾಡ" ಅಂತಾಳ. ಆ ಮಗ ಗೆಳೆಯಾನ ಗಾಡಿ ತಗೊಂಡು, ತಲಿಗೆ ಒಂದು ಹೆಲ್ಮೆಟ್ ಇಲ್ಲದ ಗುಡ್ಡದ ಮ್ಯಾಲ ಹಾರಸ್ತಾನ. ಇನ್ನೊಬ್ಬಾಕಿ, "ಇದ್ರಾಗ ನಮಗೇನು ತಿಳಿತೇತಿ" ಅಂದು ಚೀಟಿ ರೊಕ್ಕ ಎತ್ತಿ ಕೈಯಾಗ ಇಡ್ತಾಳ. ಗಾಡಿ ಮಾರೂ ಮನಷ್ಯಾಗ ಬೇಕಾದಾಕಿ ಈ ಎರಡನೇದಾಕಿ. ನನ್ನ ಜಗಳ ಈಕಿ ಕೂಡನ.

ತಿಳಿಯಂಗಿಲ್ಲ ಅನ್ನೂದು ಸುಳ್ಳು. ಲೂನಾ ಬಂದದ್ದು 1972ರಾಗ. ನಮ್ಮ ವಾರಿಗಿಯವರು ಲೂನಾ, ಟಿವಿಎಸ್ 50 ಮ್ಯಾಲ ಕಾಲೇಜಿಗೆ, ಬ್ಯಾಂಕಿಗೆ, ಸಂತಿಗೆ ಎಲ್ಲಾ ಕಡೆ ಹೋಗೀವಿ. ಬಂಕಿನ್ಯಾಗ ನಿಂತು "ಆಯಿಲ್ ಹಾಕಿ ಕೊಡ್ರಿ" ಅಂತ ಬಾಯಿಬಿಟ್ಟು ಹೇಳಿ ಹಾಕಿಸಿಕೊಂಡೀವಿ. ಅದೂ ಟೂ ಸ್ಟ್ರೋಕ್ ಇಂಜಿನ್ನನ. ಪೆಟ್ರೋಲಿನ ಕೂಡ ಒಳಗ ಹೋದ ಆಯಿಲ್ಲೇ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗಿಗೂ ಜಿಡ್ಡು. ಅದು ಬರಲಿಲ್ಲಂದ್ರ ಎಣ್ಣಿ ಹಚ್ಚದ ಹಂಚಿನ ಮ್ಯಾಲ ದ್ವಾಸಿ ಹಾಕಿದಂಗ, ಕಚ್ಚಿ ಹಿಡಿತೇತಿ. ಇಷ್ಟು ತಿಳಿದಾಕಿಗೆ ಮುಂದಿಂದು ತಿಳಿಯಾಕ ಏನು ಕಷ್ಟ? ನಮ್ಮ ಭಾವನವರ ಗ್ಯಾರೇಜ್ ನಮ್ಮ ಮನಿ ಮುಂದಿನ ಕೋಣ್ಯಾಗನ ಇತ್ತು. ಇಪ್ಪತ್ತೆಂಟು ವರ್ಷ ಅಲ್ಲಿಗೆ ಚಹಾ ಕೊಟ್ಟೀನಿ. ಚಹಾ ಕೊಡಾಕ ಹೋದಾಕಿ ಕಿವಿ ಮನ್ಯಾಗ ಇಟ್ಟು ಹೋಗಿರಲಿಲ್ಲ.

ಮೊದಲು ಹುಡುಗೂರ ಪರವಾಗಿ ಒಂದು ಮಾತು. ಮಣ್ಣಿನ್ಯಾಗ ಕಲಿಯಾಕ ಹಳೇ ಸಣ್ಣ ಟೂ ಸ್ಟ್ರೋಕ್ ಆರಿಸೂದು ಹುಚ್ಚಾಟ ಅಲ್ಲ. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಾಗ 1985ರಿಂದ 1996ರ ತನಕ ತಯಾರಾತು. 98 ಸಿಸಿ, 11 ಕುದುರಿ ಶಕ್ತಿ, ತೂಕ ನೂರು ಕಿಲೋ ಆಸುಪಾಸು. ಮಣ್ಣಿನ್ಯಾಗ ಬೀಳೂದು ಗ್ಯಾರಂಟಿ, ಬಿದ್ದಾಗ ಮೈಮ್ಯಾಲ ಬರೂದು ನೂರು ಕಿಲೋನೋ ನೂರಾಅರವತ್ತು ಕಿಲೋನೋ ಅನ್ನೂದು ಕಾಲಿನ ಎಲುಬಿಗೆ ಗೊತ್ತಾಗ್ತೇತಿ. ಇಂಜಿನ್ನಿನ್ಯಾಗ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಊರಾಗಿನ ಹಳೇ ಮೆಕ್ಯಾನಿಕ್ ಕೆಳಗ ಗೋಣಿಚೀಲ ಹಾಸಿಕೊಂಡು ಅದರ ಮ್ಯಾಲನ ಬಿಚ್ಚಿ ಕಟ್ಟತಾನ. ಆರ್‌ಎಕ್ಸ್ 135, ಸುಜುಕಿ ಸಮುರಾಯ್, ಶೋಗನ್ ಇವೂ ಇದ ಜಾತಿ. ನಮ್ಮ ಮೈಸೂರಿನ ಯೆಜ್ಡಿ ಗಟ್ಟಿ ಗಾಡಿ, ಆದ್ರ ಭಾರ, ಕಲಿಯೂ ಹುಡುಗಗ ಬ್ಯಾಡ. ಇನ್ನ ಹೊರದೇಶದ ಅಸಲಿ ರೇಸ್ ಗಾಡಿ ಕಡಿಮಿಗೆ ಸಿಗ್ತೇತಿ ಅಂತ ಯಾರಾದ್ರೂ ತಂದ್ರ ಕೈ ಮುಗದು ಕಳಸ್ರಿ. ಅದರ ಪಿಸ್ಟನ್ನನ್ನ ಓಡಿದ ತಾಸಿನ ಲೆಕ್ಕದ ಮ್ಯಾಲ ಬದಲಿ ಮಾಡ್ತಾರ, ಸಾಮಾನು ಹೊರಗಿಂದ ತರಸಬೇಕು.

ಹಂಗಾದ್ರ ನನ್ನ ಸಿಟ್ಟು ಯಾಕ? ಕೇಳ್ರಿ. ನಮ್ಮ ಬಳಗದ ಒಬ್ಬಾಕಿ ಮಗಗ ಒಂದು ಲಕ್ಷ ಇಪ್ಪತ್ತು ಸಾವಿರ ಎಣಿಸಿ ಕೊಟ್ಟಳು. ಗಾಡಿ ಬಂತು. ಕೆಂಪು ಬಣ್ಣ, ಪಾಟ್ಲಿ ಹಂಗ ಹೊಳಿಯೂ ಮಡ್‌ಗಾರ್ಡ್, ಓಣಿಗೆಲ್ಲ ಕೇಳೂ ಸೈಲೆನ್ಸರ್. ನಾವೆಲ್ಲ ಹೋಗಿ ಕುಂಕುಮ ಹಚ್ಚಿ ಬಂದ್ವಿ. ಈ ಗಾಡಿಗೆ ಕಂಪನಿಯವರು ಆಯಿಲ್ಲಿಗೆ ಬ್ಯಾರೆ ಟ್ಯಾಂಕ್, ಅದನ್ನ ಅಳದು ಇಂಜಿನ್ನಿಗೆ ಕಳಸಾಕ ಒಂದು ಪಂಪ್ ಕೊಟ್ಟಿರ್ತಾರ. ಮಾರಿದಾವ ಪಂಪ್ ಕಿತ್ತು ತಗದಿದ್ದ. ಆಯಿಲ್ ಟ್ಯಾಂಕ್ ಮಾತ್ರ ತುಂಬಿ ಇಟ್ಟಿದ್ದ, ಚಂದ ಕಾಣಲಿ ಅಂತೋ ಏನೋ. ಪೆಟ್ರೋಲಿನ್ಯಾಗ ಆಯಿಲ್ ಕಲಸಿ ಹಾಕಬೇಕು ಅನ್ನೂ ಮಾತು ಹೇಳೇ ಇಲ್ಲ. ಹುಡುಗ ಮೊದಲ ವಾರ ಟ್ಯಾಂಕಿನ್ಯಾಗ ಇದ್ದದ್ದನ್ನ ಓಡಿಸಿದ. "ಅವ್ವಾ, ಆಯಿಲ್ ಕುಡಿಯೂದ ಇಲ್ಲ ನೋಡು, ಒಂದು ಬಟ್ಟೂ ಇಳಿದಿಲ್ಲ" ಅಂತ ಖುಷಿಪಟ್ಟ. ಆಮ್ಯಾಲ ಬಂಕಿಗೆ ಹೋಗಿ ಬರೇ ಪೆಟ್ರೋಲ್ ಹಾಕಿಸಿ ಟ್ರ್ಯಾಕಿಗೆ ಹ್ವಾದ. ಓಡೂವಾಗ ಇಂಜಿನ್ ಕಚ್ಚಿ ಹಿಡೀತು, ಹಿಂದಿನ ಗಾಲಿ ಗಪ್ಪನ ನಿಂತುಬಿಡ್ತು. ಹುಡುಗನ ಕೊರಳ ಎಲುಬು ಮುರೀತು. ತಲಿ ಮ್ಯಾಲ ಅರ್ಧ ಹೆಲ್ಮೆಟ್, ಕಾಲಾಗ ಕ್ಯಾನ್ವಾಸ್ ಬೂಟು. ಮಾರಿದಾವನ್ನ ಕೇಳಿದ್ರ, "ರನ್ನಿಂಗ್ ಕಂಡೀಷನ್ ಕೊಟ್ಟೀನಿ ನೋಡ್ರಿ ಮಾಂಶಿ" ಅಂದ.

ಇಂಜಿನ್ ಬಿಚ್ಚಿದಾಗ ಮತ್ತೊಂದು ಹೊರಗ ಬಿತ್ತು. ಆರ್‌ಎಕ್ಸ್ 100ರ ಸಿಲಿಂಡರ್ ಕಂಪನಿ ಕೊಟ್ಟಾಗ 50 ಮಿಲಿಮೀಟರ್ ಅಗಲ. ಸವದಂಗ ಲೇಥಿನ್ಯಾಗ ಒಂದೀಟು ಕೊರದು ದೊಡ್ಡ ಪಿಸ್ಟನ್ ಹಾಕ್ತಾರ, 0.25, 0.50, 0.75, ಕಡೀಕ 1 ಮಿಲಿಮೀಟರ್. ಈ ಗಾಡಿ ಕಡೀ ಸೈಜಿಗೆ ಬಂದು ನಿಂತಿತ್ತು. ಅಂದ್ರ ಮುದುಕಿಗೆ ಮದಲಗಿತ್ತಿ ಸೀರಿ ಉಡಿಸಿ ಕೊಟ್ಟಾರ. ಬಣ್ಣಕ್ಕ, ಕ್ರೋಮಿಗೆ, ಸೀಟಿಗೆ ಎಷ್ಟು ಖರ್ಚಾಗಿತ್ತೋ ಅಷ್ಟರಾಗ ಹೊಸಾ ಸ್ಲೀವು, ಪಿಸ್ಟನ್ನು, ಕ್ರ್ಯಾಂಕ್ ಕೆಲಸ ಎಲ್ಲಾ ಮುಗೀತಿತ್ತು ಅಂತ ನಮ್ಮ ಭಾವನವರು ಹೇಳಿದ್ರು.

ಅದಕ್ಕ ನಾ ಹೇಳೂದು, ಹೊಸಾ ಬಣ್ಣ ಹಚ್ಚಿದ ಹಳೇ ಗಾಡಿ ತಗೋಳಾಕ ಹೋಗಬ್ಯಾಡ್ರಿ. ಮಾಸಿದ್ದು, ಗೀಚಿದ್ದು, ಒಬ್ಬನ ಮಾಲಕನ ಕಡೆ ಮೂಲ್ಯಾಗ ನಿಂತದ್ದು ಹುಡುಕ್ರಿ. ಬಣ್ಣ ಬರೇ ಚಂದಕ್ಕ ಹಚ್ಚಿರಂಗಿಲ್ಲ. ಆರ್‌ಎಕ್ಸ್ ರಸ್ತಿಗೆ ಮಾಡಿದ ಗಾಡಿ. ಮಣ್ಣಿನ್ಯಾಗ ಹಾರಿಸಿ ಹಾರಿಸಿ ಹ್ಯಾಂಡಲ್ ಕೂಡೂ ಕುತ್ತಿಗಿ ಹತ್ರ, ಹಿಂದಿನ ಶಾಕ್ ಅಬ್ಸಾರ್ಬರ್ ಸಿಗಸೂ ಕಿವಿ ಹತ್ರ ಚೌಕಟ್ಟು ಸೀಳತೇತಿ. ಅದನ್ನ ವೆಲ್ಡಿಂಗ್ ಮಾಡಿ, ಮ್ಯಾಲ ಬಣ್ಣ ಹೊಡದ್ರ ದೇವರಿಗೂ ಕಾಣಂಗಿಲ್ಲ. ಮಾಸಿದ ಗಾಡ್ಯಾಗ ಸೀಳು ಜಂಗಿನ ಗೆರಿ ಆಗಿ ಕಾಣತೇತಿ.

ಇನ್ನ ಆ ಸೈಲೆನ್ಸರಿನ ಹುಚ್ಚು. ಹುಡುಗೂರಿಗೆ ಸದ್ದು ಅಂದ್ರ ಶಕ್ತಿ. ಟೂ ಸ್ಟ್ರೋಕಿನ್ಯಾಗ ಸೈಲೆನ್ಸರಿನ ಹೊಟ್ಟಿ, ಅದರ ಉದ್ದ, ಎಲ್ಲಾ ಲೆಕ್ಕ ಹಾಕಿ ಮಾಡಿರ್ತಾರ. ಹೊರಗ ಹೊಂಟ ಹೊಗಿಯ ಒತ್ತಡದ ಅಲಿ ಅಲ್ಲಿ ಬಡದು ತಿರುಗಿ ಬಂದು, ಸಿಲಿಂಡರಿನಿಂದ ತಪ್ಪಿಸಿಕೊಳ್ಳೂ ಹಸಿ ಪೆಟ್ರೋಲ್‌ಗಾಳಿನ ಒಳಗ ನೂಕತೇತಿ. ಅದನ್ನ ಕತ್ತರಿಸಿ ತೂತು ಮಾಡಿದ್ರ ಸದ್ದು ಬರ್ತೇತಿ, ಎಳತ ಹೋಕ್ಕೇತಿ. ಕಾರ್ಬೊರೇಟರಿನ ಜೆಟ್ ಸರಿ ಮಾಡದ ಸೈಲೆನ್ಸರ್ ಬದಲು ಮಾಡಿದ್ರ ಪೆಟ್ರೋಲ್ ಕಡಿಮಿ, ಗಾಳಿ ಹೆಚ್ಚಾಗಿ ಪಿಸ್ಟನ್ ಕಾದು ಹಾಳಾಗ್ತೇತಿ. ಕಂಪನಿ ಸೈಲೆನ್ಸರಿನ ಒಳಗಿನ ಮಸಿ ತಗಸ್ರಿ, ಅಷ್ಟ ಸಾಕು. ರೊಕ್ಕನೂ ಉಳಿತೇತಿ, ಓಣಿ ಮುದುಕರ ನಿದ್ದಿನೂ ಉಳಿತೇತಿ.

ರೊಕ್ಕ ಎಲ್ಲಿ ಹಾಕಬೇಕು ಅನ್ನೂದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ರ್ಯಾಂಕಿನ ಎರಡೂ ಮಗ್ಗಲಕ ರಬ್ಬರಿನ ಆಯಿಲ್ ಸೀಲ್ ಇರ್ತಾವು. ಕುಕ್ಕರಿನ ಗ್ಯಾಸ್ಕೆಟ್ ಒಣಗಿ ಬಿರುಸಾದ್ರ ಸೀಟಿ ಬರಂಗಿಲ್ಲ, ಮಗ್ಗಲದಾಗ ಹಬಿ ಹೋಕ್ಕೇತಿ, ಹೌದಿಲ್ಲೋ? ಇದೂ ಹಂಗ. ಮೂವತ್ತು ವರ್ಷದ ಗಾಡಿ ಸೀಲ್ ಒಣಗೇ ಇರ್ತಾವು. ಒಂದು ಮಗ್ಗಲದ ಸೀಲ್ ಹ್ವಾದ್ರ ಹೊರಗಿನ ಗಾಳಿ ಒಳಗ ನುಗ್ಗಿ ಇಂಜಿನ್ ಕಾಯ್ತೇತಿ, ಇನ್ನೊಂದು ಮಗ್ಗಲದ್ದು ಹ್ವಾದ್ರ ಗೇರಿನ ಆಯಿಲ್ ಒಳಗ ಬಂದು ಹೊಗಿ ನಿಲ್ಲೂದ ಇಲ್ಲ. ಸೀಲ್ ಸಣ್ಣ ರೊಕ್ಕದ್ದು, ಆದ್ರ ಹಾಕಾಕ ಇಂಜಿನ್ ಬಿಚ್ಚಬೇಕು. ಗಾಡಿ ತಂದ ವಾರದಾಗನ ಬಿಚ್ಚಿಸ್ರಿ. "ಓಡಾಕತ್ತೇತಿ, ಯಾಕ ಬಿಚ್ಚಬೇಕು" ಅಂತ ಮಗ ಅಂದ್ರ ಕೇಳಬ್ಯಾಡ್ರಿ. ಆ ಬಿಚ್ಚಿಸೂ ಖರ್ಚನ್ನೂ ಗಾಡಿ ರೇಟಿನ್ಯಾಗ ಹಿಡದನ ಚೌಕಾಸಿ ಮಾಡ್ರಿ.

ಪಂಪ್ ಐತೋ ಇಲ್ಲೋ ಕೇಳೂದು ನಿಮ್ಮ ಕೆಲಸ. ಇಲ್ಲಂದ್ರ ಒಂದು ಲೀಟರ್ ಪೆಟ್ರೋಲಿಗೆ 25 ಎಂ.ಎಲ್. ಟೂಟಿ ಆಯಿಲ್, ಅಂದ್ರ ನಲವತ್ತಕ್ಕ ಒಂದು. ಕೆಮ್ಮಿನ ಔಷಧದ ಮುಚ್ಚಳದಾಗ ಅಳತಿ ಗೆರಿ ಇರ್ತಾವು, ಅದನ್ನ ತೊಳದು ಮಗನ ಕೈಯಾಗ ಕೊಡ್ರಿ. ಹಿಂಗ ಕಲಸಿ ಓಡಿಸೂ ಗಾಡಿ ಉದ್ದನ ಇಳಿಜಾರಿನ್ಯಾಗ ಆಕ್ಸಿಲರೇಟರ್ ಪೂರಾ ಬಿಟ್ಟು ಇಳಸಿದ್ರ ಪೆಟ್ರೋಲೂ ಇಲ್ಲ, ಅದರ ಕೂಡ ಆಯಿಲ್ಲೂ ಇಲ್ಲ. ನಡುನಡುವ ಒಂದೀಟು ತಿರುವಬೇಕು. ಗಾಳಿ ಫಿಲ್ಟರ್ ಸ್ಪಂಜಿಂದು. ಧೂಳಿನ್ಯಾಗ ಓಡಿಸಿದ ದಿನಾನ ಡೀಸೆಲ್ಲಿನ್ಯಾಗ ಅದ್ದಿ, ಸೋಪಿನ ನೀರಾಗ ತೊಳದು, ನೆರಳಾಗ ಒಣಗಿಸಿ, ಆಯಿಲ್ ಹಚ್ಚಿ ಒತ್ತಬೇಕು. ಸೀರಿ ಹಿಂಡಿದಂಗ ಹಿಂಡಿದ್ರ ಹರಿತೇತಿ. ಟೂ ಸ್ಟ್ರೋಕಿನ್ಯಾಗ ಗಾಳಿ ಮೊದಲು ಹೋಗೂದು ಕ್ರ್ಯಾಂಕಿನ ಮನಿಗೆ. ಫಿಲ್ಟರ್ ದಾಟಿದ ಧೂಳು ಸೀದಾ ಬೇರಿಂಗಿನ್ಯಾಗ ಕೂಡ್ತೇತಿ, ಜ್ವಾಳದಾಗಿನ ಹಳ್ಳು ಬೀಸೂಕಲ್ಲಿಗೆ ಸಿಕ್ಕಂಗ.

ಉಳಿದದ್ದು ಬಡಬಡ ಹೇಳ್ತೀನಿ. ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಕಡಿಮಿದು ಹಾಕಿದ್ರ ಕಡಿಮಿ ವೇಗದಾಗ ಎಳತ ಬರ್ತೇತಿ, ಕಲಿಯಾಕ ಛಲೋ. ಮಣ್ಣಿನ ಟೈರ್ ಹಾಕಸ್ರಿ, ಗಾಳಿ ರಸ್ತಿಗಿಂತ ಸ್ವಲ್ಪ ಕಡಿಮಿ ಇಡ್ರಿ, ಭಾಳ ಇಳಸಿದ್ರ ರಿಮ್ಮಿನ ಮ್ಯಾಲ ಟೈರ್ ಜರದು ಟ್ಯೂಬ್ ಹರಿತೇತಿ. ಕ್ಲಚ್, ಬ್ರೇಕ್ ಲಿವರಿನ ಹಿಡಿಕಿ ಪೂರಾ ಬಿಗಿ ಮಾಡಬಾರದು, ಬಿದ್ದಾಗ ತಿರುಗಿದ್ರ ಮುರಿಯಂಗಿಲ್ಲ. ಬ್ರೇಕ್ ಶೂ ಎರಡೂ ಹೊಸಾವು ಇರಲಿ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಕ್ಸಿಲರೇಟರ್ ಬಿಟ್ಟಾಗ ಗಾಡಿ ಹಿಡಿಯೂ ಗುಣ ಕಡಿಮಿ, ನಿಲ್ಲಸೂದೆಲ್ಲ ಬ್ರೇಕಿನ ಮ್ಯಾಲನ.

ಮೈಗೆ ಹಾಕೂ ಸಾಮಾನು ಮಾತ್ರ ಗಾಡಿಗಿಂತ ಮೊದಲು ಮನಿಗೆ ಬರಬೇಕು. ಗದ್ದ ಮುಚ್ಚೂ ಪೂರಾ ಹೆಲ್ಮೆಟ್, ಪಿಂಡಿ ತನಕದ ಗಟ್ಟಿ ಬೂಟು, ಮೊಳಕಾಲು, ಮೊಳಕೈ, ಎದಿ, ಬೆನ್ನಿನ ಗಾರ್ಡು, ಕೈಗವಸು. ಲಕ್ಷ ರೂಪಾಯಿ ಐತಿ ಅಂದ್ರ ಮೊದಲು ಇದರ ರೊಕ್ಕ ತಗದಿಟ್ಟು, ಇಂಜಿನ್ ಬಿಚ್ಚಿಸೂ ರೊಕ್ಕ ತಗದಿಟ್ಟು, ಉಳಿದದ್ದರಾಗ ಎಂಥಾ ಗಾಡಿ ಬರ್ತೇತೋ ಅದನ್ನ ತಗೋಬೇಕು. ನಮ್ಮ ಮಂದಿ ಇದನ್ನ ಉಲ್ಟಾ ಮಾಡ್ತಾರ. ಎಲ್ಲಾ ಗಾಡಿಗೆ ಸುರದು, ಹೆಲ್ಮೆಟ್ ಮುಂದಿನ ತಿಂಗಳ ಅಂತಾರ.

"ಹೆಣ್ಣ ಹುಡುಗಿ ಕೇಳಿದ್ರ ಕೊಡ್ತೀಯೇನು?" ಅಂತ ನಮ್ಮ ಸಣ್ಣ ವೈನಿ ಚುಚ್ಚಿದ್ಲು. ಕೊಡ್ತೀನಿ, ಇದ ಲೆಕ್ಕದ ಮ್ಯಾಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಾಗ ಎಫ್‌ಐಎಂ ಬಾಹಾಸ್ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದು ಬಂದಾಳ, ಮಣ್ಣಿನ ಮ್ಯಾಲನ ಓಡಿಸಿ.

ಕಾಗದಪತ್ರದ ಮಾತು ಗಂಡಸರಿಗೆ ಬಿಡಬ್ಯಾಡ್ರಿ, ದಂಡ ಬಂದ್ರ ಮನಿಗೇ ಬರ್ತೇತಿ. ಹದಿನೈದು ವರ್ಷ ದಾಟಿದ ಗಾಡಿ ಆರ್‌ಸಿ ಐದೈದು ವರ್ಷಕ್ಕ ರಿನ್ಯೂ ಆಗಿರಬೇಕು. ಎಂ‌ಪರಿವಾಹನ್ ಆ್ಯಪಿನ್ಯಾಗ ನಂಬರ್ ಹಾಕಿದ್ರ ಆರ್‌ಸಿ, ಇನ್ಶೂರೆನ್ಸ್ ಎಲ್ಲಿ ತನಕ ಅಂತ ಬರ್ತೇತಿ. ಚೌಕಟ್ಟಿನ ಮ್ಯಾಲಿನ ನಂಬರು, ಇಂಜಿನ್ ಮ್ಯಾಲಿನ ನಂಬರು ಆರ್‌ಸಿ ಕೂಡ ಹೊಂದಬೇಕು. 135ರ ಇಂಜಿನ್ 100ರ ಚೌಕಟ್ಟಿಗೆ ಹಾಕಿ ಮಾರೂವರು ಅದಾರ. ಲೈಟ್ ಕಿತ್ತು, ರೂಪ ಬದಲು ಮಾಡಿದ ಗಾಡಿ ರಸ್ತಿ ಮ್ಯಾಲ ಓಡಿಸೂ ಹಂಗಿಲ್ಲ, ಟ್ರ್ಯಾಕಿಗೆ ಟಾಟಾ ಏಸ್ ಮಾಡಿ ಒಯ್ಯಬೇಕು. ಹದಿನೆಂಟು ತುಂಬದ ಮಗ ರಸ್ತಿಗೆ ತಂದು ಅಪರಾಧ ಮಾಡಿ ಸಿಕ್ಕರ 2019ರ ತಿದ್ದುಪಡಿ ಪ್ರಕಾರ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. "ನನಗ ಗೊತ್ತಿರಲಿಲ್ಲ" ಅಂದ್ರ ಅದನ್ನ ಸಾಬೀತು ಮಾಡೂದೂ ನಮ್ಮ ಮ್ಯಾಲನ.

ಹಿಂದಿನ ಓಣಿ ಅಕ್ಕ ಈ ಐತವಾರ ಮಗನ ಕೂಡ ಒಂದು ಗಾಡಿ ನೋಡಾಕ ಹೊಂಟಾಳ, ಏನು ನೋಡಲಿ ಅಂತ ಕೇಳ್ಯಾಳ. ಅಕ್ಕಾ, ಮುಂಚೆ ಫೋನ್ ಮಾಡಿ "ನಾವು ಬರೂ ತನಕ ಚಾಲೂ ಮಾಡಬ್ಯಾಡ್ರಿ" ಅಂತ ಹೇಳ್ರಿ. ಹ್ವಾದ ಕೂಡಲೇ ಯಾರ ಕೂಡನೂ ಮಾತಾಡೂದಕ್ಕಿಂತ ಮೊದಲು ಇಂಜಿನ್ ಮುಟ್ಟಿ ನೋಡ್ರಿ. ತಣ್ಣಗ ಇದ್ರ ಕಿಕ್ ಹೊಡಸ್ರಿ. ಕಾಲಿಗೆ ಗಟ್ಟಿ ಒತ್ತು ಸಿಗಬೇಕು, ಎರಡು ಮೂರು ಕಿಕ್ಕಿನ್ಯಾಗ ಚಾಲೂ ಆಗಬೇಕು, ಮೊದಲಿಗೆ ಬಂದ ಹೊಗಿ ಇಂಜಿನ್ ಕಾದ ಮ್ಯಾಲ ಕಡಿಮಿ ಆಗಬೇಕು, ಒಳಗ ಕಟಕಟ ಬಡಿಯೂ ಸದ್ದು ಇರಬಾರದು. ಓಡಿಸಿ ಬಂದ ಮ್ಯಾಲ ಪ್ಲಗ್ ಬಿಚ್ಚಸ್ರಿ. ತುದಿ ಕಾಫಿಪುಡಿ ಬಣ್ಣ ಇದ್ರ ಮಾತು ಮುಂದುವರಸ್ರಿ, ಸುಣ್ಣದಂಗ ಬೆಳ್ಳಗ ಇದ್ರ ಬ್ಯಾಡ. ನೀವು ಹೋಗೂದಕ್ಕ ಇಂಜಿನ್ ಬಿಸಿ ಇತ್ತಂದ್ರ, ಚಾಲೂ ಆಗದ ಗಾಡಿನ ಹೆಂಗೋ ಮಾಡಿ ಕಾಯಿಸಿ ಇಟ್ಟಾರ ಅಂತ ತಿಳೀರಿ, ಅವರು ಕೊಟ್ಟ ಚಹಾ ಕುಡದು ಮನಿಗೆ ಬರ್ರಿ.