ಕಳ್ಳಿಗೆ ಅಡಿಕೆಯ ನೀರು ಬೇಡ

ಡ್ರ್ಯಾಗನ್ ಹಣ್ಣಿನ ಗಿಡವೂ ಕಳ್ಳಿಯೇ. ಮೆಕ್ಸಿಕೋ ಕಡೆಯಿಂದ ಬಂದದ್ದು, ನಮ್ಮ ಬೇಲಿಯ ಪಾಪಾಸುಕಳ್ಳಿಯ ದಾಯಾದಿ. ಇದು ಗೊತ್ತಿದ್ದೂ ಮರೆತೆ. ಆನಗೋಡಿನ ನನ್ನ ಹೊಲದಲ್ಲಿ ಒಂದೇ ಚಳಿಗಾಲದಲ್ಲಿ 40 ಕಂಬದ ಗಿಡ ಹೋದವು. ಕಂಬಕ್ಕೆ 4 ಗಿಡ, ಲೆಕ್ಕ ನೀವೇ ಹಾಕಿ.

ಮೆಕ್ಕೆಜೋಳ ಬಿಟ್ಟು ಇದಕ್ಕೆ ಕೈ ಹಾಕಿದವನು ನಾನು. ಪಕ್ಕದಲ್ಲೇ ಅಡಿಕೆ. ಒಂದೇ ಬೋರು, ಒಂದೇ ವಾಲ್ವು. ಅಡಿಕೆಗೆ ನೀರು ಬಿಟ್ಟಾಗಲೆಲ್ಲ ಕಳ್ಳಿಗೂ ಹೋಗುತ್ತಿತ್ತು. ಹಿಂಗಾರು ನಿಂತು ದೀಪಾವಳಿ ಕಳೆದರೂ ಅದೇ ಲೆಕ್ಕ. ಸಾಲದ್ದಕ್ಕೆ ಬುಡದಲ್ಲಿ ಹಸಿ ಸಗಣಿ ಗೊಬ್ಬರದ ಗುಡ್ಡೆ. ಡಿಸೆಂಬರಿನಲ್ಲಿ ಕಾಂಡ ಸೊರಗಿ ಹಳದಿಗೆ ತಿರುಗಿತು. ನೋಡಿದವರೆಲ್ಲ "ನೀರು ಸಾಲ್ತಿಲ್ಲಣ್ಣ, ಇನ್ನೊಂದು ತಾಸು ಬಿಡು" ಅಂದರು. ಬಿಟ್ಟೆ. ಸಂಕ್ರಾಂತಿ ಹೊತ್ತಿಗೆ ಒಂದು ಗಿಡ ಹಿಡಿದು ಅಲ್ಲಾಡಿಸಿದರೆ ಬುಡ ಸಮೇತ ಕೈಗೆ ಬಂತು. ಬೇರೇ ಇಲ್ಲ! ಉಳಿದ ನಾಲ್ಕೆಳೆ ಹಿಚುಕಿದರೆ ಸಿಪ್ಪೆ ಜಾರಿ ಬರುತ್ತಿತ್ತು. ಕಂಬಕ್ಕೆ ಕಚ್ಚಿದ ಗಾಳಿಬೇರಿನ ದಯೆಯಿಂದ ಮೇಲಷ್ಟೇ ಹಸಿರಾಗಿತ್ತು.

ಬೇರು ಕೊಳೆತ ಗಿಡ, ಬಾಯಾರಿದ ಗಿಡ ಎರಡೂ ನೋಡಲು ಒಂದೇ ಥರ. ನಾವು ಮೋಸ ಹೋಗುವುದು ಇಲ್ಲೇ. ಇದರ ಬೇರು ಆಳಕ್ಕಿಳಿಯುವುದಿಲ್ಲ, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬೇಸಿಗೆಯಲ್ಲಿ ಆ ಮಣ್ಣು ಬೇಗ ಒಣಗುತ್ತದೆ, ಚಳಿಯಲ್ಲಿ ಇಲ್ಲ. ಹಣ್ಣು ಮುಗಿಸಿ ವಿಶ್ರಾಂತಿಗೆ ಕೂತ ಗಿಡ ನೀರನ್ನೂ ಕಡಿಮೆ ಎಳೆಯುತ್ತದೆ. ನಿಂತ ತೇವದಲ್ಲಿ ಬೇರಿಗೆ ಉಸಿರಾಡಲು ಗಾಳಿ ಸಿಗದೆ ಶಿಲೀಂಧ್ರ ಸೇರಿಕೊಳ್ಳುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೊಂದದ್ದು ಚಳಿಯಲ್ಲ. ನಾನೇ.

ಗಟ್ಟಿಯಿದ್ದ ಕಾಂಡಗಳನ್ನು ಒಳಗೆ ಕಂದು ಕಲೆ ಕಾಣದಷ್ಟು ಮೇಲಕ್ಕೆ ಕತ್ತರಿಸಿದೆ. ನೆರಳಲ್ಲಿ ವಾರ ಕಾಲ ಬಿಟ್ಟು, ಗಾಯ ಒಣಗಿದ ಮೇಲೆ ಮರಳು ಬೆರೆಸಿದ ಮಣ್ಣಿನಲ್ಲಿ ಊರಿದೆ. ಮುಕ್ಕಾಲು ಪಾಲು ಬೇರು ಬಿಟ್ಟವು. ಈಗ ಮಡಿ ಒಂದಡಿ ಎತ್ತರ, ಕಳ್ಳಿಗೆ ಬೇರೆಯೇ ವಾಲ್ವು. ಕಾರ್ತಿಕದಿಂದ ಸಂಕ್ರಾಂತಿವರೆಗೆ ಬೆರಳು ಮಣ್ಣಿಗಿಳಿಸಿ ಎರಡು ಗೆಣ್ಣು ಒಣಗಿದ್ದರೆ ಮಾತ್ರ ನೀರು, ಅದೂ ಸ್ವಲ್ಪ. ಪೂರ್ತಿ ನಿಲ್ಲಿಸುವುದೂ ತಪ್ಪು, ಎಳೆ ಬೇರು ಒಣಗುತ್ತದೆ.

ಸಸಿ ಮಾರುವವರ ಮೇಲೆ ನನಗೆ ಸಿಟ್ಟಿದೆ. "ಬರಗಾಲದ ಬೆಳೆ, ಆರೈಕೆಯೇ ಬೇಡ" ಅಂತಾರೆ. ಕಂಬ, ತಳಿ, ಬಣ್ಣದ ಬಗ್ಗೆ ಗಂಟೆಗಟ್ಟಲೆ ಮಾತು, ಬೇರಿನ ಬಗ್ಗೆ ಒಂದು ಮಾತಿಲ್ಲ. ತುಮಕೂರಿನ ಹಿರೇಹಳ್ಳಿಯಲ್ಲಿ ಈ ಹಣ್ಣಿಗೆಂದೇ ಉತ್ಕೃಷ್ಟತಾ ಕೇಂದ್ರಕ್ಕೆ 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಕೆಂಪು ಮಣ್ಣಿಗೆಷ್ಟು, ಎರೆಗೆಷ್ಟು ಎಂದು ತಿಂಗಳುವಾರು ನೀರಿನ ಲೆಕ್ಕ ಪ್ರತಿ ಸಸಿಯ ಜೊತೆ ರೈತನ ಕೈಗೆ ಬರಬೇಕು, ಸಾಲ ಮಾಡಿ ಕಂಬ ನೆಡುವ ಮೊದಲೇ.

ನನ್ನದು ಕೆಂಪು ಮಣ್ಣು. ಎರೆ ಹೊಲದಲ್ಲಿ ಬೆಳೆದವರು ಚಳಿಗಾಲದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡ್ತೀರಿ? ಬರೆಯಿರಿ. ಗಿಡ ಸತ್ತಿದ್ದರೆ ಅದನ್ನೂ ಬರೆಯಿರಿ.