ಸಾರಥಿಗೆ ತಕ್ಕ ರಥ

ಕುದುರೆ ಜೂಜಿನಲ್ಲಿ ಗೆಲುವಿನ ಕೀರ್ತಿ ಮೊದಲು ಕುದುರೆಗೆ, ಆಮೇಲೆ ಸವಾರನಿಗೆ. ಮೋಟಾರು ಪಂದ್ಯದಲ್ಲಿ ಮಾತ್ರ ಲೋಕವು ಚಾಲಕನನ್ನೇ ಕೊಂಡಾಡುತ್ತದೆ. ಅವನನ್ನು ಹೊತ್ತೋಡಿದ ಯಂತ್ರದ ಮಾತೆತ್ತುವವರು ವಿರಳ. ವಸ್ತುತಃ, ಯಾವ ಕಂಪನಿಯ ಕಾರಿನಲ್ಲಿ ಕುಳಿತುಕೊಳ್ಳಬೇಕೆಂದು ಚಾಲಕನು ನಿಶ್ಚಯಿಸಿದ ದಿನವೇ ವಿಶ್ವ ಚಾಂಪಿಯನ್ ಪದವಿಯ ಅರ್ಧ ಭಾಗ ತೀರ್ಮಾನವಾಗಿರುತ್ತದೆ.

ಅರ್ಜೆಂಟೀನದ ಹುವಾನ್ ಮ್ಯಾನುಯೆಲ್ ಫಾಂಜಿಯೋ ಈ ಮರ್ಮವನ್ನು ಚೆನ್ನಾಗಿ ಅರಿತಿದ್ದನು. 1951ರಲ್ಲಿ ಆಲ್ಫಾ ರೋಮಿಯೋ ಕಾರಿನಲ್ಲಿ ಪದವಿ ಗಳಿಸಿದ ಆತ, 1954ನ್ನು ಮಾಸೆರಾಟಿಯಲ್ಲಿ ಆರಂಭಿಸಿ, ಮರ್ಸಿಡಿಸ್ ಸಿದ್ಧವಾದೊಡನೆ ವರ್ಷದ ನಡುವೆಯೇ ಅದನ್ನೇರಿದನು. 1955ರ ಕೊನೆಗೆ ಮರ್ಸಿಡಿಸ್ ಕಣದಿಂದ ಹಿಂದೆಗೆಯಿತು. ಆತ ಫೆರಾರಿಗೆ ಹೋದನು. ಅಲ್ಲಿ ಮನಸ್ಸು ನೆಲೆಸದೆ 1957ರಲ್ಲಿ ಮರಳಿ ಮಾಸೆರಾಟಿಗೆ. ಸೋರುವ ಮನೆಯಲ್ಲಿ ಎರಡನೆಯ ಮಳೆಗಾಲವನ್ನು ಕಳೆಯದ ಜಾಣ ಬಾಡಿಗೆದಾರನಂತೆ! ಪದವಿಗಳು ಐದು, ಕಂಪನಿಗಳು ನಾಲ್ಕು. 1956ರ ಕೊನೆಯ ಪಂದ್ಯದಲ್ಲಿ, ಇಟಲಿಯ ಮೊಂಜಾದಲ್ಲಿ, ಅವನ ಕಾರು ಕೆಟ್ಟಿತು. ಅದೇ ತಂಡದ ಪೀಟರ್ ಕಾಲಿನ್ಸ್ ಕೆಳಗಿಳಿದು ತನ್ನ ಕಾರನ್ನೇ ಬಿಟ್ಟುಕೊಟ್ಟನು. ಪದವಿಯ ಆಸೆ ಅವನಿಗೂ ಇನ್ನೂ ಉಳಿದಿತ್ತು. ಕಾರು ಬದಲಾಯಿಸಲು ಆ ಕಾಲದ ನಿಯಮದಲ್ಲಿ ಅವಕಾಶವಿತ್ತು.

ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್‌ನ ಕತೆಯೇ ಬೇರೆ. 1951ರಲ್ಲಿ ಫೆರಾರಿಯವರ ಕರೆಯ ಮೇರೆಗೆ ಇಟಲಿಯ ಬಾರಿ ನಗರಕ್ಕೆ ಹೋದರೆ, ಅವನಿಗೆಂದಿದ್ದ ಕಾರನ್ನು ಬೇರೊಬ್ಬನಿಗೆ ಕೊಟ್ಟಿದ್ದರು. ಆ ಅವಮಾನವನ್ನು ಆತ ಬಹುಕಾಲ ಮರೆಯಲಿಲ್ಲ. ಸ್ವದೇಶದ ಕಾರಿನಲ್ಲೇ ಗೆಲ್ಲಬೇಕೆಂಬ ಅಭಿಮಾನವೂ ಇತ್ತು. ಬುದ್ಧಿ ಆರಿಸಬೇಕಾದಲ್ಲಿ ಹೃದಯ ಆರಿಸಿತು ಎನ್ನಬೇಕು.

1955ರಿಂದ ಮೂರು ವರ್ಷ ಫಾಂಜಿಯೋನ ಹಿಂದೆ ಎರಡನೆಯವನಾಗಿ ನಿಂತ ಮಾಸ್‌ಗೆ 1958ರಲ್ಲಿ ಬಾಗಿಲು ತೆರೆದಂತಾಯಿತು. ಬ್ರಿಟನ್ನಿನ ವ್ಯಾನ್‌ವಾಲ್ ಬಲು ವೇಗದ ಕಾರು. ಆದರೆ ಮೊನಾಕೋ ಮತ್ತು ಬ್ರಿಟನ್ನಿನಲ್ಲಿ ಎಂಜಿನ್, ಜರ್ಮನಿಯಲ್ಲಿ ಮ್ಯಾಗ್ನೆಟೋ, ಇಟಲಿಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟವು. ಪ್ರತಿಸ್ಪರ್ಧಿ ಮೈಕ್ ಹಾಥಾರ್ನ್ ಗೆದ್ದದ್ದು ಒಂದೇ ಪಂದ್ಯ. ಮಾಸ್ ಗೆದ್ದದ್ದು ನಾಲ್ಕು. ಆದರೆ ಹಾಥಾರ್ನ್‌ನ ಫೆರಾರಿ ಅವನನ್ನು ಐದು ಸಲ ಎರಡನೆಯ ಸ್ಥಾನಕ್ಕೆ ಮುಟ್ಟಿಸಿತು. ಗೆದ್ದವನಿಗೆ 8 ಅಂಕ, ಎರಡನೆಯವನಿಗೆ 6, ಅತಿ ವೇಗದ ಸುತ್ತಿಗೆ 1.

ಪೋರ್ಚುಗಲ್ಲಿನಲ್ಲಿ ಹಾಥಾರ್ನ್ ವಿರುದ್ಧ ದಿಕ್ಕಿನಲ್ಲಿ ಕಾರು ಓಡಿಸಿದನೆಂಬ ದೂರು ಬಂದಾಗ, ಅದು ನಡೆದದ್ದು ರಸ್ತೆಯ ಮೇಲಲ್ಲ, ಪಕ್ಕದ ಕಾಲುದಾರಿಯಲ್ಲೆಂದು ಸಾಕ್ಷಿ ನುಡಿದವನು ಸ್ವತಃ ಮಾಸ್! ಹಾಥಾರ್ನ್‌ಗೆ 7 ಅಂಕಗಳು ಉಳಿದವು. ಅಕ್ಟೋಬರ್ 19ರಂದು ಮೊರಾಕೋದ ಕಾಸಾಬ್ಲಾಂಕಾದಲ್ಲಿ ಮಾಸ್ ಪಂದ್ಯವನ್ನೂ ಅತಿ ವೇಗದ ಸುತ್ತನ್ನೂ ಗೆದ್ದನು. ಹಾಥಾರ್ನ್‌ಗೆ ಎರಡನೆಯ ಸ್ಥಾನ ಸಾಕಿತ್ತು. ಫೆರಾರಿ ತಂಡದ ಫಿಲ್ ಹಿಲ್ ದಾರಿ ಬಿಟ್ಟುಕೊಟ್ಟನು. 42ಕ್ಕೆ 41. ಅದೇ ವರ್ಷ ಆರಂಭವಾದ ಕಾರು ತಯಾರಕರ ಚಾಂಪಿಯನ್ ಪದವಿಯಾದರೋ ವ್ಯಾನ್‌ವಾಲ್‌ಗೇ ದಕ್ಕಿತು!

ಚಾಲಕನ ಕೈಚಳಕ ಕಾರಿನ ಕೊರತೆಯನ್ನು ತುಂಬಿದ ದಿನಗಳೂ ಇಲ್ಲದಿಲ್ಲ. 1961ರಲ್ಲಿ, ಮೊನಾಕೋದ ಇಕ್ಕಟ್ಟಿನ ಬೀದಿಗಳಲ್ಲಿ, ಹಳೆಯ ಲೋಟಸ್ ಒಂದರಲ್ಲಿ ಮಾಸ್ ತನಗಿಂತ ಬಲಶಾಲಿಯಾದ ಫೆರಾರಿಗಳನ್ನು ಕೊನೆಯವರೆಗೂ ಮುಂದೆ ಬಿಡಲಿಲ್ಲ. ಆ ವರ್ಷದ ಪದವಿ ಮಾತ್ರ ಫೆರಾರಿಯ ಫಿಲ್ ಹಿಲ್‌ಗೆ ಹೋಯಿತು.